ಹಾವಿನ ಮೊಟ್ಟೆ ಇಟ್ಟ ಡಬ್ಬಿಗೆ ತೂತು ಬೇಕಾ, ಬೇಡ್ವಾ?

ಮಳೆಗಾಲ ಹತ್ತಿರ ಬಂತು ಅಂದ್ರೆ ತೀರ್ಥಹಳ್ಳಿ, ಹೊಸನಗರ ಕಡೆಯವರು ನನಗೆ ಕೇಳುವ ಪ್ರಶ್ನೆ ಇದೇ. ಗೊಬ್ಬರಗುಂಡಿ ತೆಗೆಯುವಾಗಲೋ ದರಕಿನ ರಾಶಿ ಸರಿಸುವಾಗಲೋ ಕೇರೆ ಹಾವಿನ ಮೊಟ್ಟೆ ಸಿಕ್ಕಿರುತ್ತದೆ. ಮುಚ್ಚಿಟ್ಟರೆ ಮರಿ ಉಸಿರುಕಟ್ಟಿ ಸಾಯಲ್ವಾ ಅನ್ನೋದು ಅವರ ಭಯ.

ಆದಷ್ಟು ಮೊಟ್ಟೆಯನ್ನು ಇದ್ದಲ್ಲೇ ಬಿಡಿ. ಆಗುಂಬೆ ಸುತ್ತ ಕಾಳಿಂಗದ ಗೂಡು ಸಿಕ್ಕಾಗಲೂ ಕೀಳದೆ, ಅಲ್ಲೇ ಬಿಟ್ಟು ಗಮನಿಸುತ್ತಾರೆ. ಜಾಗ ಬದಲಿಸಲೇಬೇಕು ಅಂತಾದರೆ ಮೊದಲು ಅರಣ್ಯ ಇಲಾಖೆಗೆ ತಿಳಿಸಿ. ಸುಮ್ನೆ ಮನೆಯಲ್ಲಿಟ್ಟು ಮರಿ ಮಾಡಿಸೋಣ ಅನ್ನೋದು ಬೇಡ, 1972ರ ವನ್ಯಜೀವಿ ಕಾಯ್ದೆ ಇದೆ.

ಇನ್ನು ಇಲಾಖೆಗೆ ತಿಳಿಸಿದ ಮೇಲೂ ಮೊಟ್ಟೆ ಎತ್ತಿಡಲೇಬೇಕಾಗಿ ಬಂದರೆ ಡಬ್ಬಿ ವಿಷಯ. ನನ್ನ ಮತ ಮುಚ್ಚಿದ ಡಬ್ಬಿಗೇ. ಹಾವಿನ ಮೊಟ್ಟೆಯ ಸಿಪ್ಪೆ ಕೋಳಿಮೊಟ್ಟೆಯದರಂತೆ ಗಟ್ಟಿ ಇರುವುದಿಲ್ಲ, ತೊಗಲಿನಂತೆ ಮೆತ್ತಗಿರುತ್ತದೆ. ಸುತ್ತಲಿನ ತೇವ ಹೀರಿ ಉಬ್ಬುತ್ತದೆ, ಒಣ ಗಾಳಿ ತಾಗಿದರೆ ಕುಗ್ಗಿ ತಗ್ಗು ಬೀಳುತ್ತದೆ. ಮೊದಲ ವಾರಗಳಲ್ಲಿ ಒಳಗಿನ ಮರಿಗೆ ಬೇಕಾದ ಆಮ್ಲಜನಕ ತೀರಾ ಕಡಿಮೆ. ಡಬ್ಬಿಯಲ್ಲಿ ಖಾಲಿ ಜಾಗವಿದ್ದು ವಾರಕ್ಕೊಮ್ಮೆ ಮುಚ್ಚಳ ತೆಗೆದು ಗಾಳಿ ಆಡಿಸಿದರೆ ಸಾಕು.

'ನಮ್ಮೂರ ಮಳೆಗಾಲದಲ್ಲಿ ಗಾಳಿಯೇ ಒದ್ದೆ, ಒಣಗೋದು ಹೇಗೆ?' ಅಂತ ಕೆಲವರು ವಾದ ಮಾಡುತ್ತಾರೆ. ಮಾತು ನಿಜ, ಆದರೆ ಜುಲೈ ಚಳಿಗೆ ಮೊಟ್ಟೆ ಬೆಚ್ಚಗಿರಲಿ ಅಂತ ಅದೇ ಡಬ್ಬಿಯನ್ನು ಒಲೆ ಪಕ್ಕವೋ ಬಲ್ಬಿನ ಕೆಳಗೋ ಇಡುತ್ತಾರಲ್ಲ, ಅಲ್ಲಿ ಬಿಸಿಯಾದ ಗಾಳಿ ತೂತಿನಿಂದ ಒಳಗಿನ ತೇವವನ್ನೆಲ್ಲ ಎಳೆದುಕೊಂಡು ಹೋಗುತ್ತದೆ. ಹೊರಗೆ ಜಡಿಮಳೆ, ಒಳಗೆ ಮೊಟ್ಟೆ ಒಣಗಿರುತ್ತದೆ!

ಹಾಗಂತ ನೀರು ಜಾಸ್ತಿಯಾದರೂ ಕೆಟ್ಟದ್ದೇ. ಮೊಟ್ಟೆಯ ಕೆಳಗೆ ವರ್ಮಿಕ್ಯುಲೈಟ್ (ನೀರು ಹಿಡಿದಿಟ್ಟುಕೊಳ್ಳುವ ಹಗುರ ಖನಿಜದ ಚೂರು) ಹಾಕುವುದಾದರೆ ಅದರ ತೂಕದಷ್ಟೇ ನೀರು ಬೆರೆಸಿ. ಮುಷ್ಟಿಯಲ್ಲಿ ಹಿಂಡಿದರೆ ಹನಿ ಬೀಳಬಾರದು. ಮುಚ್ಚಳದ ಒಳಗೆ ಕಟ್ಟುವ ಹನಿ ಮೊಟ್ಟೆ ಮೇಲೆ ಬೀಳದಂತೆ ಡಬ್ಬಿಯನ್ನು ಸ್ವಲ್ಪ ಓರೆಯಾಗಿಡಿ, ನೀರು ಅಂಚಿಗೆ ಇಳಿಯುತ್ತದೆ. ಮೊಟ್ಟೆ ಸಿಕ್ಕಾಗ ಯಾವ ಮಗ್ಗುಲು ಮೇಲಿತ್ತೋ ಅಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿ, ಕೊನೆತನಕ ಹಾಗೇ ಇರಲಿ. ಹೊರಳಿಸಿದರೆ ಒಳಗಿನ ಭ್ರೂಣ ಸಾಯಬಹುದು.

ಕೊನೆಯ ಎರಡು ಮೂರು ವಾರ ಮಾತ್ರ ಲೆಕ್ಕ ಬೇರೆ. ಮರಿ ಬೆಳೆದಂತೆ ಉಸಿರಾಟ ಹೆಚ್ಚುತ್ತದೆ. ಆಗ ಎರಡು ದಿನಕ್ಕೊಮ್ಮೆ ಮುಚ್ಚಳ ತೆಗೆಯಿರಿ, ಇಲ್ಲವೇ ಸೂಜಿಯಷ್ಟು ಸಣ್ಣ ಎರಡು ತೂತು ಮಾಡಿ. ಸಿಪ್ಪೆ ಸೀಳಿ ಮೂತಿ ಹೊರಗೆ ಬಂದ ಮೇಲೂ ಮರಿ ಒಂದೆರಡು ದಿನ ಅಲ್ಲೇ ಇರುತ್ತದೆ, ಉಳಿದ ಹಳದಿಯನ್ನು ಮೈಗೆ ಎಳೆದುಕೊಳ್ಳುತ್ತಿರುತ್ತದೆ. ಪಾಪ ಸಿಕ್ಕಿಹಾಕಿಕೊಂಡಿದೆ ಅಂತ ಎಳೆಯಬೇಡಿ, ತಾನಾಗೇ ಬರುತ್ತದೆ.