ಬಿಲ್ಲಿನಲ್ಲಿ ಹೆಸರೇ ಇರಲಿಲ್ಲ

1,400 ಪ್ಯಾಂಟುಗಳಿಂದ ಲೆದರ್ ಪಟ್ಟಿ ಬಿಚ್ಚೋಕೆ ನಮಗೆ 9 ದಿನ ಹಿಡಿಯಿತು. ಬ್ಲೇಡಿನಿಂದ ಒಂದೊಂದೇ ದಾರ ಕತ್ತರಿಸಬೇಕು. ಸ್ವಲ್ಪ ಜಾಸ್ತಿ ಒತ್ತಿದರೆ ಬಟ್ಟೆಯೇ ಹರಿಯುತ್ತದೆ. ಪಟ್ಟಿ ಕೈಗೆ ಬಂದ ಮೇಲೂ ಸೂಜಿಯ ತೂತುಗಳು ಸಾಲಾಗಿ ಹಾಗೇ ಉಳಿಯುತ್ತವೆ. ಅಮ್ಮ ಆ 9 ದಿನವೂ ನಮ್ಮ ಜೊತೆ ಕೂತು ಬಿಚ್ಚಿದರು. ಪಟ್ಟಿಯ ಮೇಲಿದ್ದದ್ದು ಅವರದೇ ಹೆಸರು. ನಮ್ಮ ಜೀನ್ಸ್‌ಗೆ ಅಪ್ಪ ಇಟ್ಟಿದ್ದು.

ನಮ್ಮದು ಬಳ್ಳಾರಿಯ ಕೌಲ್ ಬಜಾರಿನಲ್ಲಿ ಚಿಕ್ಕ ಜೀನ್ಸ್ ಯೂನಿಟ್, 12 ಮಷಿನ್. ಕಟಿಂಗ್ ನಮ್ಮಲ್ಲೇ. ಒಂದಿಷ್ಟು ಹೊಲಿಗೆ ಅಕ್ಕಪಕ್ಕದ ಮನೆಗಳಲ್ಲಿ. ವಾಶಿಂಗ್ ಹೊರಗೆ. ಡೆನಿಮ್ ಅಹಮದಾಬಾದಿನಿಂದ ಬರುತ್ತದೆ. ಜಿಪ್, ಬಟನ್, ರಿವೆಟ್ ಎಲ್ಲ ಕೊಂಡು ತಂದಿದ್ದೇ. ನೋಡಿದರೆ ಒಂದು ಪ್ಯಾಂಟಿನಲ್ಲಿ ನಮ್ಮದು ಅಂತ ಇರುವುದು ಹೊಲಿಗೆ ಮತ್ತು ಹೆಸರು, ಅಷ್ಟೇ. ಒಂದು ಹೊಲಿಗೆ ಸೊಟ್ಟ ಬಂದರೂ ಅಪ್ಪ ಪೀಸ್ ವಾಪಸ್ ಕಳಿಸುತ್ತಿದ್ದರು. ಆದರೆ ಹೆಸರಿಗೆ ಒಂದು ಕಾಗದ ಮಾಡಿಸಬೇಕು ಅಂತ ನಮಗ್ಯಾರಿಗೂ ಹೊಳೆಯಲಿಲ್ಲ.

ಬೇರೆ ಊರಿನ ವ್ಯಾಪಾರಿಯೊಬ್ಬರು ವರ್ಷಗಟ್ಟಲೆ ನಮ್ಮಿಂದ ಮಾಲು ತಗೊಂಡಿದ್ದರು. ಆಮೇಲೆ ನಿಲ್ಲಿಸಿದರು. ಒಂದು ದಿನ ಅವರ ವಕೀಲರಿಂದ ನೋಟಿಸ್ ಬಂತು. ಈ ಹೆಸರು ನಮ್ಮ ಕಕ್ಷಿದಾರರ ಟ್ರೇಡ್ ಮಾರ್ಕ್ (ಮಾಲಿನ ಗುರುತಿನ ಹೆಸರು) ಆಗಿ ನೋಂದಣಿಯಾಗಿದೆ, ನೀವು ಬಳಸುವಂತಿಲ್ಲ ಅಂತ. ಓದಿ ಕೈ ನಡುಗಿತು.

ಇಲ್ಲಿನ ವಕೀಲರ ಹತ್ತಿರ ಹೋದೆವು. ಅವರು ಹೇಳಿದ್ದು ಕೇಳಿ ಮೊದಲು ಜೀವ ಬಂತು. ನಮ್ಮ ದೇಶದಲ್ಲಿ ನೋಂದಣಿ ಮಾಡಿಸಿದ್ದು ಯಾರು ಅನ್ನೋದು ಮಾತ್ರ ಅಲ್ಲ, ಮೊದಲು ಬಳಸಿದ್ದು ಯಾರು ಅನ್ನೋದನ್ನೂ ಕಾನೂನು ನೋಡುತ್ತದೆ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 34ನೇ ಸೆಕ್ಷನ್ ಹಳೆಯ ಬಳಕೆದಾರನಿಗೆ ರಕ್ಷಣೆ ಕೊಡುತ್ತದೆ. "ಹಳೇ ಬಿಲ್ ತಗೊಂಡು ಬರ್ರಿ" ಅಂದರು.

ಬಿಲ್ ಇದ್ದವು. ಎಲ್ಲದರಲ್ಲೂ "ಜೀನ್ಸ್ ಪ್ಯಾಂಟ್, 200 ಪೀಸ್" ಅಂತ ಇತ್ತು. ಹೆಸರು ಒಂದರಲ್ಲೂ ಇರಲಿಲ್ಲ. ಅರ್ಧ ವ್ಯವಹಾರ ಬರೀ ಚೀಟಿಯಲ್ಲಿ ನಡೆದಿತ್ತು. ಲೇಬಲ್ ಮಾಡಿಸಿದ ರಸೀದಿಗಳನ್ನು ಯಾವತ್ತೋ ಬಿಸಾಡಿದ್ದೆವು. ಅಷ್ಟು ವರ್ಷ ಊರೂರಿಗೆ ಹೋದ ಹೆಸರು ನಮ್ಮದು ಅಂತ ತೋರಿಸೋಕೆ ಒಂದು ಹಾಳೆ ಸಿಗಲಿಲ್ಲ. ಯಾರಾದರೂ ಹೆಸರು ನೋಂದಣಿಗೆ ಅರ್ಜಿ ಹಾಕಿದರೆ ಅದು ಸರ್ಕಾರದ ಟ್ರೇಡ್ ಮಾರ್ಕ್ಸ್ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ, ತಕರಾರು ಹಾಕೋಕೆ 4 ತಿಂಗಳು ಸಮಯ ಇರುತ್ತದೆ. ಆ 4 ತಿಂಗಳು ಯಾವಾಗ ಕಳೆದಿತ್ತೋ ನಮಗೆ ಗೊತ್ತೇ ಇಲ್ಲ. ಅದಾದ ಮೇಲೂ ನೋಂದಣಿ ರದ್ದು ಮಾಡಿ ಅಂತ ಕೇಳಬಹುದು. ಅದಕ್ಕೂ ಪುರಾವೆ ಬೇಕು. ಅಪ್ಪ "ಸಾಕು ಬಿಡಪ್ಪಾ" ಅಂದರು. ಹೆಸರು ಬಿಟ್ಟುಕೊಟ್ಟೆವು. ತೂತು ಬಿದ್ದ ಪ್ಯಾಂಟುಗಳು ಹೆಸರಿಲ್ಲದೆ ಕಮ್ಮಿ ರೇಟಿಗೆ ಹೋದವು.

ಜಿಎಸ್‌ಟಿ ಇದೆಯಲ್ಲ, ಅಂಗಡಿ ಲೈಸೆನ್ಸ್ ಇದೆಯಲ್ಲ, ಸಾಕಲ್ವಾ ಅಂತ ನಮ್ಮ ಓಣಿಯಲ್ಲಿ ಈಗಲೂ ಕೇಳುತ್ತಾರೆ. ಸಾಲದು. ಅವು ವ್ಯಾಪಾರ ಮಾಡೋಕೆ. ಹೆಸರಿನ ಮೇಲೆ ಹಕ್ಕು ಅವುಗಳಿಂದ ಬರುವುದಿಲ್ಲ.

ಹೊಸ ಹೆಸರಿಗೆ ನಾನು ಊರಿನ ಹೆಸರು ಸೇರಿಸೋಣ ಅಂದೆ. ವಕೀಲರು ಬೇಡ ಅಂದರು. "ಬಳ್ಳಾರಿ ಜೀನ್ಸ್" ಎಲ್ಲರದೂ, ಒಬ್ಬರಿಗೆ ಸಿಗುವುದು ಕಷ್ಟ. ವಸ್ತು ಎಂಥದ್ದು, ಯಾವ ಊರಿನದು ಅಂತಷ್ಟೇ ಹೇಳುವ ಪದವನ್ನು ಸಾಮಾನ್ಯವಾಗಿ ನೋಂದಣಿ ಮಾಡುವುದಿಲ್ಲ. ಕೊನೆಗೆ ಅಮ್ಮ ಮತ್ತು ಅಜ್ಜಿಯ ಹೆಸರಿನ ಅಕ್ಷರ ಕೂಡಿಸಿ ಒಂದು ಹೊಸ ಪದ ಮಾಡಿದೆವು. ಹೆಸರನ್ನು ಬೇರೆಯವರು ಆಗಲೇ ತಗೊಂಡಿದ್ದಾರಾ ಅಂತ ಸರ್ಕಾರದ ವೆಬ್‌ಸೈಟಿನಲ್ಲಿ ಪುಕ್ಕಟೆ ಹುಡುಕಬಹುದು. ಉಚ್ಚಾರ ಹತ್ತಿರ ಇರುವ ಹೆಸರುಗಳನ್ನೂ ಅದು ತೋರಿಸುತ್ತದೆ. ನೋಂದಣಿಗೆ ವಸ್ತುಗಳನ್ನು ವರ್ಗಗಳಾಗಿ ವಿಂಗಡಿಸಿದ್ದಾರೆ, ಬಟ್ಟೆಗೆ 25ನೇ ವರ್ಗ. ನಮ್ಮಂಥ ಸಣ್ಣವರಿಗೆ ಆನ್‌ಲೈನ್‌ನಲ್ಲಿ ಒಂದು ವರ್ಗಕ್ಕೆ ಸರ್ಕಾರಿ ಶುಲ್ಕ 4,500 ರೂಪಾಯಿ. ನೋಂದಣಿ ಆದರೆ 10 ವರ್ಷ, ಆಮೇಲೆ ನವೀಕರಣ. ಪಟ್ಟಿ ಬಿಚ್ಚಿದವರ ಕೂಲಿಯೇ ಇದಕ್ಕಿಂತ ಜಾಸ್ತಿ ಆಗಿತ್ತು.

ವರ್ಗ ಅಂದಾಗ ನಂದಿನಿ ಕೇಸು ನೆನಪಾಗುತ್ತದೆ. ಹಾಲಿನ ನಂದಿನಿ 1985ರಿಂದ ಇದೆ. ನಂದಿನಿ ಡಿಲಕ್ಸ್ ಹೋಟೆಲ್ 1989ರಲ್ಲಿ ಶುರುವಾಯಿತು. ಜಗಳ ಸುಪ್ರೀಂ ಕೋರ್ಟ್‌ವರೆಗೂ ಹೋಗಿ, 2018ರಲ್ಲಿ ಹೋಟೆಲಿನವರ ಪರ ತೀರ್ಪು ಬಂತು. ನೋಡೋಕೆ ಬೇರೆ, ಮಾರುವ ವಸ್ತು ಬೇರೆ, ಅದಕ್ಕೆ ಎರಡೂ ಇರಬಹುದು ಅಂತ. ಹಾಗಾಗಿ ಹೆಸರು ಯಾವ ವಸ್ತುವಿಗೆ ಅಂತ ಅರ್ಜಿಯಲ್ಲಿ ಸರಿಯಾಗಿ ಬರೆಯಬೇಕು. ಗಂಗಾವತಿಯಲ್ಲಿ ಅಕ್ಕಿ ಮಾರುವ ನಮ್ಮ ಮಾವನಿಗೂ ಇದನ್ನೇ ಹೇಳಿದ್ದೇನೆ. ಅವರದು 30ನೇ ವರ್ಗ.

ಈಗ ನಮ್ಮ ಪ್ರತಿ ಬಿಲ್ಲಿನಲ್ಲೂ ಹೆಸರು ಇರುತ್ತದೆ. ಲೇಬಲ್ ರಸೀದಿಗಳಿಗೆ ಬೇರೆ ಫೈಲ್ ಇದೆ, ಅಮ್ಮನೇ ನೋಡಿಕೊಳ್ಳುತ್ತಾರೆ. ನಿನ್ನೆ ಪಕ್ಕದ ಯೂನಿಟ್‌ನ ಅಣ್ಣ ಹೊಸ ಲೇಬಲ್‌ಗೆ ಆರ್ಡರ್ ಕೊಡೋಕೆ ಹೊರಟಿದ್ದರು. ಕೂರಿಸಿಕೊಂಡು ಹುಡುಕಿದೆವು. 25ನೇ ವರ್ಗದಲ್ಲೇ ಅದಕ್ಕೆ ಹತ್ತಿರದ ಎರಡು ಹೆಸರು ಸಿಕ್ಕವು. ಆರ್ಡರ್ ನಿಲ್ಲಿಸಿದರು. ಇವತ್ತು ರಾತ್ರಿ ಮಗಳ ಜೊತೆ ಕೂತು ಬೇರೆ ಹೆಸರು ಯೋಚಿಸ್ತೀನಿ ಅಂದಿದ್ದಾರೆ.