ಮನಃಶಾಸ್ತ್ರದಲ್ಲಿ ಬಿ.ಎ.: ಸೇರುವುದಕ್ಕೆ ಬೇಕಾದದ್ದು, ಮುಗಿಸುವುದಕ್ಕೆ ಬೇಕಾದದ್ದು

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮೇಲೆ ಪದವಿ ಕಾಲೇಜುಗಳ ಮನಃಶಾಸ್ತ್ರ ವಿಭಾಗದಲ್ಲಿ ಕೇಳಿಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಎಷ್ಟು ಅಂಕ ಇರಬೇಕು, ಪಿಯುಸಿಯಲ್ಲಿ ಈ ವಿಷಯ ಓದಿರಲೇಬೇಕೇ, ವಿಜ್ಞಾನ ಓದಿದವರು ಬರಬಹುದೇ, ಮುಗಿಸಿದ ಮೇಲೆ ಕೌನ್ಸೆಲರ್ ಆಗಬಹುದೇ. ಈ ವಿಷಯವನ್ನು ಪದವಿ ತರಗತಿಗಳಿಗೆ ಪಾಠ ಮಾಡಿಕೊಂಡು ಬಂದಿರುವ ನನಗೆ ಅನ್ನಿಸುವುದೇನೆಂದರೆ, ಸೇರುವುದಕ್ಕೆ ಬೇಕಾದ ಅರ್ಹತೆಯ ಬಗ್ಗೆ ವಿಚಾರಿಸುವವರಲ್ಲಿ ನೂರಕ್ಕೆ ಒಬ್ಬರೂ ಆ ಮೂರು ವರ್ಷ ದಾಟುವುದಕ್ಕೆ ಏನು ಬೇಕು ಎಂದು ವಿಚಾರಿಸುವುದಿಲ್ಲ. ಮೊದಲನೆಯದಕ್ಕೆ ಉತ್ತರ ಚಿಕ್ಕದು. ಎರಡನೆಯದಕ್ಕೆ ಸ್ವಲ್ಪ ತಾಳ್ಮೆಯಿಂದ ಉತ್ತರಿಸಬೇಕು.

ಕರ್ನಾಟಕದ ಸರ್ಕಾರಿ ವಿಶ್ವವಿದ್ಯಾಲಯಗಳ ವ್ಯಾಪ್ತಿಯ ಕಾಲೇಜುಗಳಲ್ಲಿ ಬಿ.ಎ. ಸೇರುವುದಕ್ಕೆ ದ್ವಿತೀಯ ಪಿಯುಸಿ ಅಥವಾ ಅದಕ್ಕೆ ಸಮಾನವಾದ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದರೆ ಸಾಕು. ಕಲೆ, ವಾಣಿಜ್ಯ, ವಿಜ್ಞಾನ ಎಂಬ ಭೇದ ಇಲ್ಲಿ ಅಡ್ಡಬರುವುದಿಲ್ಲ. ಪಿಯುಸಿಯಲ್ಲಿ ಮನಃಶಾಸ್ತ್ರ ಐಚ್ಛಿಕ ವಿಷಯವಾಗಿ ಲಭ್ಯವಿದ್ದರೂ ಅದನ್ನು ಓದಿರಲೇಬೇಕೆಂಬ ನಿಯಮವಿಲ್ಲ. ಅರ್ಜಿ ಹಾಕುವುದು ರಾಜ್ಯದ ಏಕೀಕೃತ ವಿಶ್ವವಿದ್ಯಾಲಯ–ಕಾಲೇಜು ನಿರ್ವಹಣಾ ವ್ಯವಸ್ಥೆಯಾದ ಯುಯುಸಿಎಂಎಸ್ ಜಾಲತಾಣದ ಮೂಲಕ. ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳು ತಮ್ಮದೇ ಪ್ರವೇಶ ಪರೀಕ್ಷೆ, ಸಂದರ್ಶನ ಇಟ್ಟುಕೊಂಡಿರುತ್ತವೆ. ಅಲ್ಲಿ ಪೈಪೋಟಿಯೂ ಹೆಚ್ಚು, ಶುಲ್ಕವೂ ಹೆಚ್ಚು.

ಪದವಿಯ ಅವಧಿಯ ವಿಷಯದಲ್ಲಿ ಮಾತ್ರ ಈಚಿನ ವರ್ಷಗಳಲ್ಲಿ ಸಾಕಷ್ಟು ಗೊಂದಲವಾಯಿತು. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ರಾಜ್ಯ 2021–22ರಲ್ಲಿ ಜಾರಿಗೆ ತಂದಾಗ ನಾಲ್ಕು ವರ್ಷದ ಆನರ್ಸ್ ಪದ್ಧತಿ ಬಂತು. ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ನಂತರ 2024–25ರಿಂದ ಮತ್ತೆ ಮೂರು ವರ್ಷ, ಆರು ಸೆಮಿಸ್ಟರ್‌ಗಳ ಪದವಿಗೆ ಮರಳಲಾಯಿತು. ಇದರಿಂದಾಗಿ ಅಣ್ಣ ಓದಿದ ಪಠ್ಯಕ್ರಮವೇ ಬೇರೆ, ತಂಗಿ ಓದುತ್ತಿರುವುದೇ ಬೇರೆ ಎಂಬ ಸ್ಥಿತಿ ಒಂದೇ ಮನೆಯಲ್ಲಿ ಕಾಣಸಿಗುತ್ತದೆ. ಅಣ್ಣನ ನೋಟ್ಸ್ ತಂಗಿಗೆ ಅರ್ಧಕ್ಕರ್ಧ ಉಪಯೋಗಕ್ಕೆ ಬರುವುದಿಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ಚೌಕಟ್ಟಿನ ಪ್ರಕಾರ ಮೂರು ವರ್ಷದ ಪದವಿಗೆ 120 ಕ್ರೆಡಿಟ್ (ಓದಿನ ಭಾರವನ್ನು ಅಳೆಯುವ ಮಾನ), ನಾಲ್ಕು ವರ್ಷದ ಆನರ್ಸ್‌ಗೆ 160 ಕ್ರೆಡಿಟ್ ಬೇಕು. ವಿದೇಶದಲ್ಲಿ ಸ್ನಾತಕೋತ್ತರ ಪದವಿ ಮಾಡುವ ಆಲೋಚನೆ ಇದ್ದವರು ತಾವು ಹೋಗಬೇಕೆಂದಿರುವ ವಿಶ್ವವಿದ್ಯಾಲಯ ಮೂರು ವರ್ಷದ ಪದವಿಯನ್ನು ಒಪ್ಪುತ್ತದೆಯೇ ಎಂಬುದನ್ನು ಸೇರುವ ಮೊದಲೇ ವಿಚಾರಿಸಿಕೊಳ್ಳುವುದು ಲೇಸು.

ಸರ್ಕಾರಿ ಪದ್ಧತಿಯ ಬಿ.ಎ. ಪದವಿಯಲ್ಲಿ ಮನಃಶಾಸ್ತ್ರ ಒಂಟಿಯಾಗಿ ಬರುವುದಿಲ್ಲ. ಎರಡು ಭಾಷೆಗಳು, ಸಂವಿಧಾನದ ಮೌಲ್ಯಗಳಂತಹ ಕಡ್ಡಾಯ ಪತ್ರಿಕೆಗಳು, ಇವುಗಳ ಜೊತೆಗೆ ಮೂರು ಐಚ್ಛಿಕ ವಿಷಯಗಳಲ್ಲಿ ಒಂದಾಗಿ ಅದು ಬರುತ್ತದೆ. ಪತ್ರಿಕೋದ್ಯಮ–ಮನಃಶಾಸ್ತ್ರ–ಇಂಗ್ಲಿಷ್, ಮನಃಶಾಸ್ತ್ರ–ಸಮಾಜಶಾಸ್ತ್ರ–ಅರ್ಥಶಾಸ್ತ್ರ ಮುಂತಾದ ಕಾಂಬಿನೇಷನ್‌ಗಳು ಬೆಂಗಳೂರಿನ ಕಾಲೇಜುಗಳಲ್ಲಿ ಬಹುಕಾಲದಿಂದ ಇವೆ. ಜೊತೆಯ ಎರಡು ವಿಷಯಗಳನ್ನು ಅನೇಕರು ಲೆಕ್ಕಕ್ಕೇ ತೆಗೆದುಕೊಳ್ಳದೆ ಆರಿಸುತ್ತಾರೆ. ನನ್ನನ್ನು ಕೇಳಿದರೆ ಸಮಾಜಶಾಸ್ತ್ರ ಒಳ್ಳೆಯ ಜೊತೆ. ಮನುಷ್ಯನ ವರ್ತನೆಗೆ ಅವನ ತಲೆಯೊಳಗೆ ಮಾತ್ರ ಕಾರಣ ಹುಡುಕುವ ಚಟಕ್ಕೆ ಅದು ಸಕಾಲದಲ್ಲಿ ಕಡಿವಾಣ ಹಾಕುತ್ತದೆ. ಎಂ.ಎ. ಅಥವಾ ಎಂ.ಎಸ್ಸಿ. ಮನಃಶಾಸ್ತ್ರಕ್ಕೆ ಪದವಿಯಲ್ಲೂ ಆ ವಿಷಯ ಓದಿರಬೇಕೆಂದು ಹಲವು ವಿಶ್ವವಿದ್ಯಾಲಯಗಳು ಕೇಳುವುದರಿಂದ, ಕೊನೆಯ ವರ್ಷದಲ್ಲಿ ಯಾವುದಾದರೊಂದು ವಿಷಯವನ್ನು ಬಿಡುವ ಅವಕಾಶ ಸಿಕ್ಕರೂ ಮನಃಶಾಸ್ತ್ರವನ್ನು ಬಿಡುವ ಮೊದಲು ಎರಡು ಸಲ ಯೋಚಿಸಬೇಕು.

ತರಗತಿಯ ಪತ್ರಿಕೆಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸಾಮಾನ್ಯ ಮನಃಶಾಸ್ತ್ರದಿಂದ ಆರಂಭವಾಗಿ ವಿಕಾಸ ಮನಃಶಾಸ್ತ್ರ, ಸಾಮಾಜಿಕ ಮನಃಶಾಸ್ತ್ರ, ಅಪಸಾಮಾನ್ಯ ಮನಃಶಾಸ್ತ್ರ, ಔದ್ಯೋಗಿಕ ಮನಃಶಾಸ್ತ್ರ, ಆಪ್ತಸಮಾಲೋಚನೆ ಎಂದು ಅವು ಸಾಗುತ್ತವೆ. ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್‌ನ ಹೆಸರು ಕೇಳಿಕೊಂಡು ಬಂದವರಿಗೆ ಆತ ವ್ಯಕ್ತಿತ್ವ ಸಿದ್ಧಾಂತಗಳ ಒಂದು ಅಧ್ಯಾಯದಲ್ಲಿ ಸಿಕ್ಕಿ ಮರೆಯಾಗುವುದು ನಿರಾಸೆ ತರುತ್ತದೆ. ಆತನಿಗಿಂತ ಮೊದಲು ಅವರು ಓದಬೇಕಾಗಿರುವುದು 1879ರಲ್ಲಿ ಲೈಪ್ಸಿಗ್‌ನಲ್ಲಿ ಪ್ರಯೋಗಾಲಯ ತೆರೆದ ವಿಲ್ಹೆಲ್ಮ್ ವುಂಟ್‌ನ ಬಗ್ಗೆ. ಏಕೆಂದರೆ ಈ ಪದವಿಯ ನಿಜವಾದ ಭಾರ ಇರುವುದು ಪ್ರಯೋಗಾಲಯದಲ್ಲಿ. ಕಲಾ ವಿಭಾಗದ ವಿಷಯಕ್ಕೆ ಪ್ರಾಕ್ಟಿಕಲ್ಸ್ ಇದೆ ಎಂಬ ಸಂಗತಿಯೇ ಕೆಲವರಿಗೆ ಮೊದಲ ವಾರದಲ್ಲಿ ಆಘಾತವಾಗಿ ಬರುತ್ತದೆ.

ನಮ್ಮ ಪ್ರಯೋಗಾಲಯಗಳಲ್ಲಿ ತಲೆಮಾರುಗಳಿಂದ ನಡೆದುಬಂದಿರುವ ಒಂದು ಪ್ರಯೋಗವೆಂದರೆ ಕನ್ನಡಿ ನೋಡಿಕೊಂಡು ನಕ್ಷತ್ರ ಬರೆಯುವುದು. ಮೇಜಿನ ಮೇಲೆ ಎರಡು ಗೆರೆಗಳ ನಡುವೆ ಸಣ್ಣ ಓಣಿಯಿರುವ ನಕ್ಷತ್ರದ ಚಿತ್ರ, ಅದರ ಹಿಂದೆ ನೆಟ್ಟಗೆ ನಿಲ್ಲಿಸಿದ ಕನ್ನಡಿ, ಬರೆಯುವ ಕೈ ನೇರವಾಗಿ ಕಾಣದಂತೆ ಅಡ್ಡವಾಗಿ ಒಂದು ತೆರೆ. ಪ್ರಯೋಗಕ್ಕೆ ಒಳಗಾಗುವ ವಿದ್ಯಾರ್ಥಿ, ಅಂದರೆ ಲ್ಯಾಬ್ ಭಾಷೆಯಲ್ಲಿ ಸಬ್ಜೆಕ್ಟ್, ಕನ್ನಡಿಯಲ್ಲಿ ಮಾತ್ರ ನೋಡುತ್ತಾ ಗೆರೆ ದಾಟದಂತೆ ಪೆನ್ಸಿಲನ್ನು ಓಣಿಯಲ್ಲಿ ನಡೆಸಬೇಕು. ಮೊದಲು ಎಡಗೈಯಿಂದ ಒಂದು ಸಲ, ಅನಂತರ ಬಲಗೈಯಿಂದ ಹಲವು ಸಲ, ಕೊನೆಗೆ ಮತ್ತೆ ಎಡಗೈಯಿಂದ ಒಂದು ಸಲ. ಪ್ರತಿ ಸಲವೂ ಎಷ್ಟು ಸೆಕೆಂಡ್ ಹಿಡಿಯಿತು, ಎಷ್ಟು ಬಾರಿ ಗೆರೆ ತಾಗಿತು ಎಂಬುದನ್ನು ಎದುರು ಕುಳಿತವರು ಗುರುತು ಹಾಕಿಕೊಳ್ಳುತ್ತಾರೆ. ನಕ್ಷತ್ರದ ಮೊದಲ ಮೂಲೆಗೆ ಬಂದಾಗ ಎಂಥ ಚುರುಕಿನ ಹುಡುಗಿಯ ಕೈಯೂ ನಿಂತುಬಿಡುತ್ತದೆ: ಕಣ್ಣು ಅತ್ತ ಎನ್ನುತ್ತದೆ, ಕೈ ಇತ್ತ ಹೋಗುತ್ತದೆ, ಪೆನ್ಸಿಲ್ ಅಲ್ಲೇ ಗೀಚಾಡಿ ಕಾಗದದ ಮೇಲೆ ಕಪ್ಪು ಗಂಟೊಂದು ಮೂಡುತ್ತದೆ. ಬಲಗೈಗೆ ಅಭ್ಯಾಸವಾಗುತ್ತಾ ಹೋದಂತೆ ಗಂಟುಗಳು ಕರಗುತ್ತವೆ. ಕೊನೆಯ ಸುತ್ತಿನಲ್ಲಿ, ನಡುವೆ ಯಾವ ಅಭ್ಯಾಸವೂ ಸಿಗದ ಎಡಗೈ ಸಾಮಾನ್ಯವಾಗಿ ಮೊದಲಿಗಿಂತ ಕಡಿಮೆ ಸಮಯದಲ್ಲಿ, ಕಡಿಮೆ ತಪ್ಪುಗಳೊಂದಿಗೆ ನಕ್ಷತ್ರವನ್ನು ಮುಗಿಸುತ್ತದೆ. ಒಂದು ಕೈ ಕಲಿತದ್ದು ಇನ್ನೊಂದಕ್ಕೆ ದಾಟಿತೆಂಬುದನ್ನು ಉಪನ್ಯಾಸದಲ್ಲಿ ಕೇಳುವುದಕ್ಕೂ ಗೆಳತಿಯ ಕೈಯಲ್ಲಿ ನೋಡಿ ಸೆಕೆಂಡುಗಳಲ್ಲಿ ಅಳೆಯುವುದಕ್ಕೂ ಬಹಳ ಅಂತರವಿದೆ.

ಆದರೆ ಪ್ರಯೋಗ ಮಾಡಿದಷ್ಟಕ್ಕೇ ಕೆಲಸ ಮುಗಿಯುವುದಿಲ್ಲ. ಸಮಸ್ಯೆ, ಪ್ರಾಕ್ಕಲ್ಪನೆ (ಫಲಿತಾಂಶ ಏನಿರಬಹುದೆಂಬ ಮುನ್ನೂಹೆ), ಚರಗಳು (ಬದಲಾಗುವ, ಅಳೆಯುವ ಅಂಶಗಳು), ಸಾಮಗ್ರಿ, ಸೂಚನೆಗಳು, ವಿಧಾನ, ಮುನ್ನೆಚ್ಚರಿಕೆಗಳು, ಫಲಿತಾಂಶದ ಪಟ್ಟಿ, ನಕ್ಷೆ, ಚರ್ಚೆ, ಸಬ್ಜೆಕ್ಟ್ ತನಗೆ ಅನ್ನಿಸಿದ್ದನ್ನು ಹೇಳಿದ ಅಂತರವಲೋಕನ ವರದಿ, ತೀರ್ಮಾನ, ಇಷ್ಟನ್ನೂ ರೆಕಾರ್ಡ್ ಪುಸ್ತಕದಲ್ಲಿ ಬರೆದು, ಉಪನ್ಯಾಸಕರ ಸಹಿ ಪಡೆದು, ಸೆಮಿಸ್ಟರ್ ಕೊನೆಯಲ್ಲಿ ಪ್ರಮಾಣೀಕರಿಸಿದ ರೆಕಾರ್ಡ್‌ನೊಂದಿಗೆ ಪ್ರಾಯೋಗಿಕ ಪರೀಕ್ಷೆಗೆ ಹಾಜರಾಗಬೇಕು. ನನ್ನ ಅನುಭವದಲ್ಲಿ ಈ ಪದವಿಯಲ್ಲಿ ಎಡವುವವರು ಥಿಯರಿಯಲ್ಲಿ ಎಡವುವುದಕ್ಕಿಂತ ರೆಕಾರ್ಡ್ ಬರೆಯುವ ಸೋಮಾರಿತನದಲ್ಲಿ ಎಡವುವುದೇ ಹೆಚ್ಚು. ಹಿಂದಿನ ವರ್ಷದ ರೆಕಾರ್ಡ್ ತಂದು ಅಂಕಿ ಸಮೇತ ನಕಲು ಮಾಡುವವರೂ ಇದ್ದಾರೆ. ಪರೀಕ್ಷಕರು ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, “ನಿಮ್ಮ ಸಬ್ಜೆಕ್ಟ್ ಎರಡನೇ ಸುತ್ತಿನಲ್ಲಿ ಯಾಕೆ ಅಷ್ಟು ಹೊತ್ತು ತೆಗೆದುಕೊಂಡರು?” ಎಂದು ಸುಮ್ಮನೆ ಒಂದು ಮಾತು ಕೇಳಿದರೆ ಸಾಕು, ಗುಟ್ಟು ರಟ್ಟಾಗುತ್ತದೆ. ಪರೀಕ್ಷೆಗೆ ಕೂರಲು ಬೇಕಾದ ಶೇ. 75ರ ಹಾಜರಾತಿಯನ್ನು ಕಷ್ಟಪಟ್ಟು ಹೊಂದಿಸಿಕೊಂಡವರಿಗೂ ಲ್ಯಾಬ್ ತಪ್ಪಿಸಿಕೊಂಡರೆ ದಾರಿಯಿರುವುದಿಲ್ಲ, ಏಕೆಂದರೆ ಆ ಪ್ರಯೋಗಕ್ಕೆ ಜೊತೆಗಾರರು ಬೇಕು, ಉಪಕರಣ ಬೇಕು. ಮನೆಯಲ್ಲಿ ಕೂತು ಓದಿಕೊಳ್ಳಲು ಬರುವುದಿಲ್ಲ.

ಈ ಅಳೆಯುವ ಪರಂಪರೆ ನಮ್ಮಲ್ಲಿ ಇಂದು ನಿನ್ನೆಯದಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಮನಃಶಾಸ್ತ್ರ ವಿಭಾಗ ಶುರುವಾದಾಗ ಅದನ್ನು ಕಟ್ಟಿದವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಬಳಿ ತರಬೇತಾಗಿ ಬಂದ ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ಮೈಸೂರಿನಲ್ಲಿ ಆಕಾಶವಾಣಿ ಎಂಬ ಹೆಸರಿನಲ್ಲಿ ರೇಡಿಯೋ ಕೇಂದ್ರ ಆರಂಭಿಸಿದವರೆಂದು ಅವರನ್ನು ಕನ್ನಡಿಗರು ನೆನೆಯುತ್ತಾರೆ. ಬುದ್ಧಿಶಕ್ತಿಯ ಅಳತೆಗೆ ಸಂಖ್ಯಾಶಾಸ್ತ್ರವನ್ನು ಒಗ್ಗಿಸಿದ ಗುರುವಿನ ಶಿಷ್ಯ ಅವರೆಂಬುದು ಅಷ್ಟಾಗಿ ಚಾಲ್ತಿಯಲ್ಲಿಲ್ಲ.

ಸಂಖ್ಯಾಶಾಸ್ತ್ರದ ಮಾತು ಬಂದದ್ದರಿಂದ ಅದನ್ನೇ ಹೇಳಿಬಿಡುತ್ತೇನೆ. ಕಲಾ ವಿಭಾಗದಿಂದ ಬಂದ ವಿದ್ಯಾರ್ಥಿ ಗಣಿತವನ್ನು ಎಸ್‌ಎಸ್‌ಎಲ್‌ಸಿಯಲ್ಲೇ ಕೈಮುಗಿದು ಬಿಟ್ಟುಬಂದಿರುತ್ತಾನೆ. ಇಲ್ಲಿ ಸರಾಸರಿ, ಮಾನಕ ವಿಚಲನೆ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ), ಸಹಸಂಬಂಧ, ಟಿ–ಪರೀಕ್ಷೆ, ಕೈ–ವರ್ಗ (chi-square) ಎಂದು ಒಂದೊಂದಾಗಿ ಎದುರಾಗುತ್ತವೆ. ಮಾನಕ ವಿಚಲನೆ ಕಲಿಸುವಾಗ ಪ್ರತಿ ವರ್ಷ ಯಾರಾದರೊಬ್ಬರು ಕೇಳುತ್ತಾರೆ: ಪ್ರತಿ ಅಂಕದಿಂದ ಸರಾಸರಿಯನ್ನು ಕಳೆದ ಮೇಲೆ ಆ ವ್ಯತ್ಯಾಸವನ್ನು ವರ್ಗ ಮಾಡುವುದೇಕೆ, ಹಾಗೆಯೇ ಕೂಡಿದರಾಗದೇ? ನಾನು ಕೂಡಿ ನೋಡಲು ಹೇಳುತ್ತೇನೆ. 4, 6, 8, 10, 12 ಎಂಬ ಅಂಕಗಳ ಸರಾಸರಿ 8, ವ್ಯತ್ಯಾಸಗಳು –4, –2, 0, 2, 4, ಕೂಡಿದರೆ ಸೊನ್ನೆ. ಯಾವ ಅಂಕಗಳನ್ನು ತೆಗೆದುಕೊಂಡರೂ ಸೊನ್ನೆಯೇ. ಐದು ಜನರ ನಡುವೆ ವ್ಯತ್ಯಾಸವಿರುವುದು ಕಣ್ಣಿಗೆ ಕಾಣುತ್ತಿರುವಾಗ ಲೆಕ್ಕ ಮಾತ್ರ ಏನೂ ಇಲ್ಲವೆನ್ನುತ್ತದೆ. ವರ್ಗ ಮಾಡಿದಾಗ ಋಣ ಚಿಹ್ನೆ ಹೋಗಿ 16, 4, 0, 4, 16 ಉಳಿಯುತ್ತವೆ, ವ್ಯತ್ಯಾಸ ಲೆಕ್ಕಕ್ಕೆ ಸಿಗುತ್ತದೆ. ಇಷ್ಟನ್ನು ಕೈಯಾರೆ ಮಾಡಿದವರು ಮುಂದಿನ ಸೂತ್ರಗಳಿಗೆ ಹೆದರುವುದು ಕಡಿಮೆ. ಇದಕ್ಕೆ ಬೇಕಾಗಿರುವುದು ಕೂಡಿ, ಕಳೆದು, ಗುಣಿಸಿ, ಭಾಗಿಸಿ, ವರ್ಗಮೂಲ ತೆಗೆಯುವ ಶಕ್ತಿ ಮತ್ತು ಸಾವಧಾನ. ಇದಕ್ಕಿಂತ ದೊಡ್ಡ ಗಣಿತ ಬಿ.ಎ. ಹಂತದಲ್ಲಿಲ್ಲ. ಆದ್ದರಿಂದ ಲೆಕ್ಕದ ಭಯದಿಂದ ಈ ವಿಷಯವನ್ನು ಬಿಡುವವರನ್ನು ಕಂಡರೆ ನನಗೆ ಬೇಸರ. ಲೆಕ್ಕವೇ ಇಲ್ಲವೆಂದು ನಂಬಿಸಿ ಸೇರಿಸಿಕೊಳ್ಳುವ ಕಾಲೇಜುಗಳನ್ನು ಕಂಡರೆ ಸಿಟ್ಟು.

ಬುದ್ಧಿಶಕ್ತಿ ಪರೀಕ್ಷೆಗಳ ಬಳಕೆಯೂ ಈ ಪದವಿಯಲ್ಲೇ ಪರಿಚಯವಾಗುತ್ತದೆ. ಸಿ.ಎಂ. ಭಾಟಿಯಾ ಅವರು 1955ರಲ್ಲಿ ಪ್ರಕಟಿಸಿದ ಪರೀಕ್ಷಾ ಸರಣಿ ಭಾರತದ ಮಕ್ಕಳಿಗಾಗಿಯೇ ರೂಪಿಸಿದ್ದು. ಅದರ ಐದು ಭಾಗಗಳಲ್ಲಿ ತಕ್ಷಣದ ನೆನಪನ್ನು ಅಳೆಯುವ ಭಾಗದಲ್ಲಿ ಓದುಬರಹ ಬಲ್ಲವರಿಗೆ ಅಂಕಿಗಳನ್ನೂ, ಬಾರದವರಿಗೆ ಅಂಕಿಗಳ ಬದಲು ಅಕ್ಷರ ಧ್ವನಿಗಳನ್ನೂ ಹೇಳಿ ಮರಳಿ ಹೇಳಿಸುತ್ತಾರೆ. ಶಾಲೆಗೆ ಹೋಗದ ಹುಡುಗನನ್ನು ಶಾಲೆಯ ಅಳತೆಗೋಲಿನಿಂದ ದಡ್ಡನೆಂದು ಕರೆಯಬಾರದೆಂಬ ಎಚ್ಚರ ಆ ವಿನ್ಯಾಸದಲ್ಲೇ ಇದೆ. ಪರೀಕ್ಷೆ ನಡೆಸಲು ಕಲಿಸುವುದಕ್ಕಿಂತ ಬಾಯಿ ಮುಚ್ಚಿಕೊಂಡಿರಲು ಕಲಿಸುವುದು ಕಷ್ಟ. ಸಹಪಾಠಿಯ ಅಂಕ ಲ್ಯಾಬಿನಲ್ಲಿ ಲೆಕ್ಕವಾದ ಅರ್ಧ ಗಂಟೆಯೊಳಗೆ ಕ್ಯಾಂಟೀನ್ ತಲುಪಿರುವುದನ್ನು ನಾನು ಕಂಡಿದ್ದೇನೆ. ಅಂಥ ದಿನ ಮುಂದಿನ ಪಾಠ ನಿಲ್ಲಿಸಿ ಗೋಪ್ಯತೆಯ ಬಗ್ಗೆಯೇ ಒಂದು ತರಗತಿ ತೆಗೆದುಕೊಳ್ಳುತ್ತೇನೆ.

ಇನ್ನು ಕೌನ್ಸೆಲರ್ ಆಗಬಹುದೇ ಎಂಬ ಪ್ರಶ್ನೆ. ಬಿ.ಎ. ಪದವಿ ಯಾರಿಗೂ ಚಿಕಿತ್ಸೆ ನೀಡುವ ಅಧಿಕಾರ ಕೊಡುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕ್ಲಿನಿಕಲ್ ಸೈಕಾಲಜಿಸ್ಟ್ ಯಾರೆಂಬುದನ್ನು ಸ್ಪಷ್ಟವಾಗಿ ಹೇಳುತ್ತದೆ: ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ಸಂಸ್ಥೆಯಿಂದ ಚಿಕಿತ್ಸಾ ಮನಃಶಾಸ್ತ್ರದ ವಿದ್ಯಾರ್ಹತೆ, ಅಥವಾ ಸ್ನಾತಕೋತ್ತರ ಪದವಿಯ ಮೇಲೆ ಮೇಲ್ವಿಚಾರಣೆಯ ತರಬೇತಿಯುಳ್ಳ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆಗಳಲ್ಲಿ ನಡೆದುಬಂದಿರುವ ಆ ಎಂ.ಫಿಲ್.ಗೆ ಬೆರಳೆಣಿಕೆಯ ಸೀಟುಗಳಿಗಾಗಿ ದೇಶದೆಲ್ಲೆಡೆಯಿಂದ ಅಭ್ಯರ್ಥಿಗಳು ಬರುತ್ತ ಬಂದಿದ್ದಾರೆ. ಯುಜಿಸಿ ಉಳಿದ ವಿಷಯಗಳಲ್ಲಿ ಎಂ.ಫಿಲ್. ನಿಲ್ಲಿಸಿದಾಗ ಇದಕ್ಕೆ 2025–26ರವರೆಗೆ ಮಾತ್ರ ವಿನಾಯಿತಿ ಕೊಟ್ಟಿತ್ತಾದ್ದರಿಂದ, ಈಗ ಪದವಿಗೆ ಸೇರುವವರು ಮೂರು ವರ್ಷದ ನಂತರದ ದಾರಿಯನ್ನು ಹಳಬರ ಮಾತಿನಿಂದ ತಿಳಿಯದೆ ಪರಿಷತ್ತಿನ ಪ್ರಕಟಣೆಗಳಿಂದಲೇ ತಿಳಿದುಕೊಳ್ಳಬೇಕು. ಪದವಿ ಮುಗಿಸಿ ಸರ್ಕಾರೇತರ ಸಂಸ್ಥೆ, ಮಾನವ ಸಂಪನ್ಮೂಲ ವಿಭಾಗ, ಬಿ.ಎಡ್., ಸ್ಪರ್ಧಾತ್ಮಕ ಪರೀಕ್ಷೆಗಳತ್ತ ಹೋದವರು ನನ್ನ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಇದ್ದಾರೆ. ಅವರಾರೂ ಓದಿದ್ದು ದಂಡವಾಯಿತೆಂದು ಹೇಳಿದ್ದಿಲ್ಲ.

ಕೆಲಸ ಮಾಡುತ್ತಲೇ ದೂರಶಿಕ್ಷಣದಲ್ಲಿ ಈ ಪದವಿ ಪಡೆಯಬಹುದೆಂದು ಸಲಹೆ ಕೊಡುವವರು ಇನ್ನೂ ಇದ್ದಾರೆ. ಮನಃಶಾಸ್ತ್ರಜ್ಞರು 2021ರ ಸಹಾಯಕ ಮತ್ತು ಆರೋಗ್ಯ ಆರೈಕೆ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯ ವ್ಯಾಪ್ತಿಗೆ ಬರುವುದರಿಂದ, 2025ರ ಜುಲೈ–ಆಗಸ್ಟ್ ಪ್ರವೇಶದಿಂದ ಮನಃಶಾಸ್ತ್ರವನ್ನು ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ನೀಡಬಾರದೆಂದು ಯುಜಿಸಿ ಸೂಚಿಸಿದೆ. ಹಲವು ವಿಷಯಗಳಿರುವ ಬಿ.ಎ. ಆಗಿದ್ದರೆ ಉಳಿದ ವಿಷಯಗಳು ಮುಂದುವರಿಯುತ್ತವೆ, ಮನಃಶಾಸ್ತ್ರ ಮಾತ್ರ ಹೊರಗುಳಿಯುತ್ತದೆ. ಮನೆಯ ಜವಾಬ್ದಾರಿ ಹೊತ್ತ ಹೆಣ್ಣುಮಕ್ಕಳಿಗೆ ಇದರಿಂದ ಒಂದು ಬಾಗಿಲು ಮುಚ್ಚಿದಂತಾಯಿತು ಎಂಬುದು ನಿಜವಾದರೂ, ಲ್ಯಾಬ್ ಮುಟ್ಟದೆ ಪದವಿ ಪಡೆದವರನ್ನು ಸ್ನಾತಕೋತ್ತರ ತರಗತಿಗಳಲ್ಲಿ ಕಂಡಿರುವ ನಾನು ಈ ಸೂಚನೆಯನ್ನು ಪೂರ್ತಿ ತಪ್ಪೆನ್ನಲಾರೆ.

ಹೀಗಾಗಿ ಕಾಲೇಜು ಆರಿಸುವಾಗ ಕಟ್ಟಡವನ್ನೂ ಹಾಸ್ಟೆಲ್ಲನ್ನೂ ನೋಡಿದ ಮೇಲೆ ಮನಃಶಾಸ್ತ್ರದ ಪ್ರಯೋಗಾಲಯವನ್ನು ತೋರಿಸಿ ಎಂದು ಕೇಳಬೇಕು. ಬೀರುವಿನಲ್ಲಿರುವ ಪರೀಕ್ಷೆಗಳಿಗೆ ಕೈಪಿಡಿ ಇದೆಯೇ, ಪ್ರತಿ ಬ್ಯಾಚಿನಲ್ಲಿ ಎಷ್ಟು ವಿದ್ಯಾರ್ಥಿಗಳಿರುತ್ತಾರೆ, ಸಂಖ್ಯಾಶಾಸ್ತ್ರ ಪಾಠ ಮಾಡುವವರು ಖಾಯಂ ಉಪನ್ಯಾಸಕರೇ ಅಥವಾ ವರ್ಷಕ್ಕೊಬ್ಬರಂತೆ ಬದಲಾಗುವ ಅತಿಥಿ ಉಪನ್ಯಾಸಕರೇ ಎಂದು ವಿಚಾರಿಸಬೇಕು. ಕನ್ನಡ ಮಾಧ್ಯಮದಲ್ಲಿ ಪರೀಕ್ಷೆ ಬರೆಯುವ ಉದ್ದೇಶವಿದ್ದರೆ ಗ್ರಂಥಾಲಯದಲ್ಲಿ ಕನ್ನಡದ ಪಠ್ಯಗಳಿವೆಯೇ, ವೈವಾದಲ್ಲಿ ಕನ್ನಡದಲ್ಲಿ ಉತ್ತರಿಸಲು ಅವಕಾಶವಿದೆಯೇ ಎಂಬುದನ್ನೂ ಶುಲ್ಕ ಕಟ್ಟುವ ಮೊದಲೇ ಕೇಳಿ ತಿಳಿದುಕೊಳ್ಳಬೇಕು.