ಮುಖಕ್ಕೆ ಹಚ್ಚುವುದೆಲ್ಲ ಶೋಕಿಯಲ್ಲ

ಬ್ರಿಟನ್ನಿಗೆ ಬಂದ ಮೇಲೆ ನಮ್ಮ ಮನೆಯ ಕನ್ನಡಿ ಮುಂದೆ ಡಬ್ಬಿಗಳು ಜಾಸ್ತಿಯಾಗಿವೆ. ವಿಡಿಯೋ ಕಾಲ್‌ನಲ್ಲಿ ಅವನ್ನು ಕಂಡ ಅಕ್ಕ, "ಏನೇ ಇದು, ಅಲ್ಲಿಗೆ ಹೋಗಿ ಶೋಕಿ ಕಲಿತೆಯಾ?" ಎಂದಳು. ಲಿಪ್‌ಸ್ಟಿಕ್ ಶೋಕಿಯೇ, ಒಪ್ಪುತ್ತೇನೆ. ಅದರಲ್ಲಿ ನನಗೆ ತಪ್ಪೂ ಕಾಣುವುದಿಲ್ಲ. ಉಳಿದವುಗಳ ಬಗ್ಗೆ ಸ್ವಲ್ಪ ಹೇಳಬೇಕು.

ಚಳಿಗಾಲದ ತಣ್ಣನೆಯ ಗಾಳಿಯಲ್ಲಿ ನೀರಿನ ಅಂಶ ಕಡಿಮೆ. ಆ ಗಾಳಿ ಮನೆಯೊಳಗೆ ಬಂದು ಹೀಟರಿಗೆ ಬಿಸಿಯಾದರೆ ಇನ್ನೂ ಒಣಗುತ್ತದೆ, ಚರ್ಮದ ನೀರನ್ನೇ ಹೀರುತ್ತದೆ. ಬೆರಳ ಗೆಣ್ಣು ಬಿರಿದು ರಕ್ತ ಬರುತ್ತದೆ. ತುರಿಕೆಗೆ ರಾತ್ರಿ ನಿದ್ದೆ ಹತ್ತುವುದಿಲ್ಲ. ಗ್ಲಿಸರಿನ್ ಇರುವ ಕ್ರೀಮು ಚರ್ಮದ ಮೇಲ್ಪದರದಲ್ಲಿ ನೀರು ಹಿಡಿದಿಡುತ್ತದೆ. ಅದರ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದರೆ ಆ ನೀರು ಬೇಗ ಆರುವುದಿಲ್ಲ. ಸ್ನಾನ ಆದ ಕೂಡಲೇ, ಮೈ ಇನ್ನೂ ತೇವ ಇರುವಾಗಲೇ ಹಚ್ಚಬೇಕು. ಚಳಿಗೆ ಸ್ವೆಟರ್ ಹಾಕಿಕೊಂಡರೆ ಯಾರೂ ಶೋಕಿ ಅನ್ನುವುದಿಲ್ಲ, ಅಲ್ವಾ? ಇದೂ ಹಾಗೇ.

ಆದರೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ನನ್ನ ಜೊತೆ ಕೆಲಸ ಮಾಡುವ ಒಬ್ಬಾಕೆಯ ವಿಷಯ. ಆಕೆಗೆ ತೊನ್ನು. ಕಣ್ಣಿನ ಸುತ್ತ, ಬಾಯಿಯ ಪಕ್ಕ ಬಿಳಿ ಮಚ್ಚೆಗಳಿವೆ. ತೊನ್ನು ಅಂಟುರೋಗವಲ್ಲ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ನಾಶವಾದ ಜಾಗ ಬೆಳ್ಳಗಾಗುತ್ತದೆ, ಅಷ್ಟೇ. ಒಂದು ದಿನ ಮೀಟಿಂಗಿಗೆ ಮುಂಚೆ ಆಕೆ ನನ್ನೆದುರೇ ಕೂತು ಮೇಕಪ್ ಮಾಡಿಕೊಂಡಳು. ಮುಂಗೈ ಮೇಲೆ ಎರಡು ಬಣ್ಣದ ಗಟ್ಟಿ ಕ್ರೀಮನ್ನು ಬೆರಳಿನಿಂದ ಕಲಸಿದಳು. ಒಂದೇ ಡಬ್ಬಿಯಲ್ಲಿ ಅವಳ ಮೈಬಣ್ಣ ಸಿಗುವುದಿಲ್ಲವಂತೆ. ಉಜ್ಜಲಿಲ್ಲ. ಬೆರಳ ತುದಿಯಿಂದ ತಟ್ಟಿ ತಟ್ಟಿ ಕೂರಿಸಿದಳು, ಮಚ್ಚೆಯ ಅಂಚು ಗೊತ್ತಾಗದ ಹಾಗೆ ಸುತ್ತಲೂ ತೆಳುವಾಗಿ ಹರಡಿದಳು. ಮೇಲೆ ಧಾರಾಳವಾಗಿ ಪೌಡರ್ ಒತ್ತಿ, ಸ್ವಲ್ಪ ಹೊತ್ತು ಬಿಟ್ಟು, ಮೆತ್ತನೆಯ ಬ್ರಷ್‌ನಲ್ಲಿ ಕೊಡವಿದಳು. ಹೀಗೆ ಕೂರಿಸಿದ್ದು ಮಳೆಗೂ ಬೆವರಿಗೂ ಬೇಗ ಹೋಗುವುದಿಲ್ಲ.

"ದಿನಾ ಹಚ್ಚಲ್ಲ. ಜನ ಮಚ್ಚೆ ನೋಡೋದು ಬಿಟ್ಟು ನನ್ನ ಮಾತು ಕೇಳಲಿ ಅನ್ನಿಸಿದ ದಿನ ಮಾತ್ರ" ಎಂದಳು. ಇದನ್ನು ಶೋಕಿ ಅನ್ನಲು ನನ್ನ ಬಾಯಿ ಬರುವುದಿಲ್ಲ. ಹಚ್ಚದೆ ಬರುವ ದಿನಗಳಲ್ಲಿ ಆಕೆಯನ್ನು ಯಾರಾದರೂ ದಿಟ್ಟಿಸಿದರೆ ತಪ್ಪು ದಿಟ್ಟಿಸಿದವರದ್ದೇ.

ಮೇಕಪ್ಪಿನಿಂದ ಮಚ್ಚೆ ಮರೆಮಾಡುವ ಈ ಕೆಲಸವನ್ನು ಇಲ್ಲಿ ಹಗುರವಾಗಿ ತೆಗೆದುಕೊಂಡಿಲ್ಲ. ಬ್ರಿಟಿಷ್ ರೆಡ್‌ಕ್ರಾಸ್ 1975ರಲ್ಲೇ ಇದನ್ನು ಕಲಿಸಿಕೊಡುವ ಸೇವೆ ಶುರು ಮಾಡಿತ್ತು. 2011ರಲ್ಲಿ ಅದನ್ನು ಚೇಂಜಿಂಗ್ ಫೇಸಸ್ ಎಂಬ ಸಂಸ್ಥೆ ವಹಿಸಿಕೊಂಡಿತು. ಸುಟ್ಟ ಗಾಯದ ಕಲೆ, ಆಪರೇಷನ್ ಗುರುತು, ಹುಟ್ಟುಮಚ್ಚೆ ಇರುವವರಿಗೂ ಇದು ಉಪಯೋಗಕ್ಕೆ ಬರುತ್ತದೆ, ಗಂಡಸರಿಗೂ. ಕ್ಯಾನ್ಸರಿನ ಕೀಮೋ ಚಿಕಿತ್ಸೆಯಲ್ಲಿ ಹುಬ್ಬು ಉದುರಿದವರಿಗೆ ಹುಬ್ಬು ಬರೆದುಕೊಳ್ಳುವುದನ್ನು ಲುಕ್ ಗುಡ್ ಫೀಲ್ ಬೆಟರ್ ಎಂಬ ಇನ್ನೊಂದು ಸಂಸ್ಥೆ ಹೇಳಿಕೊಡುತ್ತದೆ. ಬಂಗು ಇರುವವರಿಗೆ ಚರ್ಮದ ಡಾಕ್ಟರೇ ಬಣ್ಣ ಬೆರೆಸಿದ ಸನ್‌ಸ್ಕ್ರೀನ್ ಹೇಳುವುದುಂಟು. ಅದರಲ್ಲಿರುವ ಐರನ್ ಆಕ್ಸೈಡ್, ಬಂಗನ್ನು ಹೆಚ್ಚಿಸುವ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ.

ನನಗೆ ಸಿಟ್ಟು ಬರುವುದು ಬೆಳ್ಳಗೆ ಮಾಡುತ್ತೇವೆ ಅನ್ನುವ ಕ್ರೀಮುಗಳ ಮೇಲೆ. ಇದ್ದ ಮುಖವೇ ಸರಿಯಿಲ್ಲ ಎಂದು ನಂಬಿಸಿ ಮಾರುತ್ತಾರೆ. ಇಂಥ ಕೆಲವು ಕ್ರೀಮುಗಳಲ್ಲಿ ಪಾದರಸ ಇರುತ್ತದೆ. ಅದು ಚರ್ಮದ ಮೂಲಕ ಒಳಗಿಳಿದು ಕಿಡ್ನಿ ಹಾಳು ಮಾಡುತ್ತದೆ. ಹಚ್ಚಿಕೊಂಡವರ ಟವೆಲ್ಲು, ಹಾಸಿಗೆಗೆ ತಾಗಿ ಮನೆಯ ಮಕ್ಕಳ ಮೈಗೂ ಸೇರಬಹುದು. ಪಾದರಸವಿರುವ ಕ್ರೀಮುಗಳನ್ನು 2025ರ ಹೊತ್ತಿಗೆ ಪೂರ್ತಿ ನಿಲ್ಲಿಸಬೇಕೆಂದು ಪಾದರಸದ ಬಳಕೆ ತಗ್ಗಿಸಲು ಮಾಡಿಕೊಂಡ ಮಿನಮಾಟ ಒಪ್ಪಂದದ ದೇಶಗಳು 2023ರಲ್ಲಿ ತೀರ್ಮಾನಿಸಿದವು. ಆದರೂ ಕದ್ದುಮುಚ್ಚಿ ಮಾರುವವರು ಇಲ್ಲೂ ಇದ್ದಾರೆ, ಎಲ್ಲೆಲ್ಲೂ ಇದ್ದಾರೆ.

ಆದ್ದರಿಂದ ಡಬ್ಬಿ ತಿರುಗಿಸಿ ಓದಿ. ಮರ್ಕ್ಯುರಿ (ಅಂದರೆ ಪಾದರಸ), ಕ್ಯಾಲಮೆಲ್ (ಪಾದರಸದ ಒಂದು ಲವಣ) ಎಂಬ ಹೆಸರು ಕಂಡರೆ ಬೇಡ. ಚಿನ್ನ, ಬೆಳ್ಳಿಗೆ ತಾಗಿಸಬೇಡಿ ಎಂದು ಬರೆದಿದ್ದರೂ ಅನುಮಾನಪಡಿ, ಪಾದರಸ ಆ ಲೋಹಗಳ ಜೊತೆ ಬೆರೆಯುತ್ತದೆ. ಏನೇನು ಹಾಕಿದ್ದಾರೆ ಎಂದು ಬರೆಯದ ಡಬ್ಬಿಯನ್ನು ಯಾರು ಕೊಟ್ಟರೂ ತಗೋಬೇಡಿ. ಈಗಾಗಲೇ ಹಚ್ಚುತ್ತಿದ್ದರೆ ಡಬ್ಬಿ ಸಮೇತ ಚರ್ಮದ ಡಾಕ್ಟರ ಹತ್ತಿರ ಹೋಗಿ.